ಸಹಿ ಹಾಕಲು ಹೊರಟವರಿಗೆ

ಮೊದಲ ಪುಸ್ತಕ ಅಚ್ಚಾಗಿ ಬಂದ ಮೇಲೆ ಪ್ರಕಾಶಕರು ಫೋನ್ ಮಾಡಿ, "ಭಾನುವಾರ ಬಿಡುಗಡೆ ಆದಮೇಲೆ ಹೊರಗಡೆ ಒಂದು ಟೇಬಲ್ ಹಾಕಿಸ್ತೀನಿ ಮೇಡಂ, ಕೂತ್ಕೊಂಡು ಓದುಗರಿಗೆ ಸಹಿ ಹಾಕಿಕೊಡಿ" ಎಂದರೆ, ಹೊಸ ಲೇಖಕಿಯಾದವಳು ಮಾಡಬೇಕಾದ ಮೊದಲ ಕೆಲಸ ಆ ವಿಷಯವನ್ನು ಮನೆಯಲ್ಲಿ ಬಾಯಿಬಿಡದಿರುವುದು. ಗೆಳತಿಯ ಮಗಳ ಸೀಮಂತ ಅಂತಲೋ, ಇನ್ಯಾರದೋ ಷಷ್ಟಿಪೂರ್ತಿ ಅಂತಲೋ ಹೇಳಿ ಒಬ್ಬಳೇ ಹೋಗಿ, ಒಬ್ಬಳೇ ಸಹಿ ಹಾಕಿ, ಮಧ್ಯಾಹ್ನದೊಳಗೆ ಬಂದು ಸಾರಿಗೆ ಒಗ್ಗರಣೆ ಕೊಟ್ಟರೆ ಸಾಹಿತ್ಯವೂ ಉಳಿಯುತ್ತದೆ, ಸಂಸಾರವೂ ಉಳಿಯುತ್ತದೆ. ನಾನು ಖುಷಿ ತಡೆಯಲಾರದೆ ರಾತ್ರಿ ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿಬಿಟ್ಟೆ. ಮಜ್ಜಿಗೆ ಅನ್ನಕ್ಕೆ ಬರುವಷ್ಟರಲ್ಲಿ ಅದು ನನ್ನ ಕಾರ್ಯಕ್ರಮವಾಗಿ ಉಳಿದಿರಲಿಲ್ಲ. ಮನೆಯ ಕಾರ್ಯ ಆಗಿಹೋಗಿತ್ತು. ಯಾರಿಗೆ ಹೇಳಬೇಕು, ಯಾರಿಗೆ ಹೇಳದಿದ್ದರೆ ಮುನಿಸಿಕೊಳ್ಳುತ್ತಾರೆ, ತಿಂಡಿಗೆ ಏನು, ಅತ್ತೆಯವರಿಗೆ ಕೈಯಿರುವ ಕುರ್ಚಿ ಸಿಗುತ್ತದೋ ಇಲ್ಲವೋ.

ನನ್ನ ಪುಸ್ತಕ ನಗೆಬರಹಗಳ ಸಂಕಲನ. ಎಂ.ಕೆ. ಇಂದಿರಾ ಅವರು ಬರೆಯಲು ಕೂತದ್ದೇ ನಲವತ್ತೈದರ ಆಸುಪಾಸಿನಲ್ಲಿ, 'ತುಂಗಭದ್ರ' ಬಂದದ್ದು 1963ರಲ್ಲಿ ಎಂಬುದನ್ನು ಮನೆಯಲ್ಲಿ ಅದೆಷ್ಟು ಸಲ ಹೇಳಿದ್ದೆನೋ, ಕೊನೆಗೆ ಮಗಳೇ, "ಅಮ್ಮ, ನಿನಗೀಗ ಐವತ್ತೆರಡು" ಎಂದು ನೆನಪಿಸಿದಳು. ಬರಹಗಳಲ್ಲಿ ಅರ್ಧಕ್ಕರ್ಧ ನಮ್ಮ ಅತ್ತೆಯವರ ಮೇಲೆ. ಅವರು ಹಾವೇರಿ ಕಡೆಯವರು, ನಾನು ಮೈಸೂರಿನವಳು. ಒಂದೇ ಅಡುಗೆಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯೂ ಬೆಲ್ಲ ಹಾಕಿದ ಹುಳಿಯೂ ಕೂಡಿ ಬಾಳಿದ ಚರಿತ್ರೆಯೇ ನನ್ನ ಸಾಹಿತ್ಯ. ಪುಸ್ತಕವನ್ನು ಅವರು ಓದಿಲ್ಲ. ಹಾಗೆಂದು ಅವರೇ ಕಂಡಕಂಡವರಿಗೆಲ್ಲ ಹೇಳುತ್ತಾರೆ. ಆದರೆ ಮಧ್ಯೆ ಮಧ್ಯೆ, ಅಕ್ಕಿ ಆರಿಸುತ್ತಾ, "ನಲವತ್ಮೂರನೇ ಪುಟದಾಗ ಬರದೀಯಲ್ಲ, ನಾ ಹಂಗ ಅಂದೇ ಇಲ್ಲ ನೋಡವಾ" ಎನ್ನುತ್ತಾರೆ.

ಮೊದಲ ತಕರಾರು ಬಂದದ್ದು ಯಜಮಾನರಿಂದ. ಬ್ಯಾಂಕಿನಲ್ಲಿ ಕೆಲಸ ಮಾಡುವವರಿಗೆ ಸಾಹಿತ್ಯ ಅರ್ಥವಾಗುವುದಿಲ್ಲ ಎನ್ನುವುದು ತಪ್ಪು. ಅರ್ಥವಾಗುತ್ತದೆ, ಅಪಾಯದ ದೃಷ್ಟಿಯಿಂದ. "ಯಾವ ಸಹಿ ಹಾಕ್ತೀಯ?" ಎಂದರು. ನನಗಿರುವುದು ಒಂದೇ ಸಹಿ ಎಂದೆ. "ಚೆಕ್ಕಿಗೆ ಹಾಕೋ ಸಹಿಯನ್ನ ಊರವರಿಗೆಲ್ಲ ಹಂಚಿ ಬರ್ತೀಯಾ? ಮೇಲೆ ತಾರೀಖು, ಕೆಳಗೆ ಊರು ಬೇರೆ?" ಎಂದು ತಟ್ಟೆಯಿಂದ ಕೈ ಎತ್ತಿಬಿಟ್ಟರು. ನನ್ನ ಖಾತೆಯಲ್ಲಿರುವ ಮೊತ್ತಕ್ಕೆ ಯಾರೂ ಅಷ್ಟೊಂದು ಕಷ್ಟಪಟ್ಟು ಸಹಿ ಕಲಿಯುವುದಿಲ್ಲ ಎನ್ನುವುದು ಬೇರೆ ಮಾತು. ಆದರೂ ಹೊಸಬರು ಈ ಮಾತನ್ನು ಕಿವಿಗೆ ಹಾಕಿಕೊಳ್ಳುವುದು ಒಳ್ಳೆಯದು. ಪುಸ್ತಕದ ಸಹಿ ಬೇರೆ ಇರಲಿ, ಬ್ಯಾಂಕಿನ ಸಹಿ ಬೇರೆ ಇರಲಿ.

ಸರಿ, ಹೊಸ ಸಹಿ ಬೇಕು. ಅದೂ ಕನ್ನಡದಲ್ಲಿ. ಹಾಲಿನವನ ಚೀಟಿ, ಕರೆಂಟ್ ಬಿಲ್ಲು, ಮಗಳ ರಫ್ ನೋಟ್‌ಬುಕ್ಕು, ಎಲ್ಲದರ ಹಿಂದೆ ಅಭ್ಯಾಸ ಮಾಡಿದೆ. ಇಂಗ್ಲಿಷಿನಲ್ಲಾದರೆ ಮೊದಲ ಎರಡಕ್ಷರ ಬರೆದು ಮುಂದಕ್ಕೆ ಒಂದು ಗೆರೆ ಎಳೆದರೆ ಸಹಿ ಆಯಿತು, ಓದಲಾಗದಷ್ಟೂ ಗೌರವ ಹೆಚ್ಚು. ಕನ್ನಡದ ಅಕ್ಷರಗಳು ಒಂದರ ಕೈ ಒಂದು ಹಿಡಿಯುವುದಿಲ್ಲ. ಪ್ರತಿಯೊಂದೂ ತನ್ನ ತಲೆಕಟ್ಟು ಕಟ್ಟಿಕೊಂಡು ಬೇರೆ ಬೇರೆ ಕೂರುತ್ತದೆ. ಒತ್ತಕ್ಷರ ಬಂತೋ, ಕೆಳಗಿನ ಸಾಲೂ ಅದಕ್ಕೇ ಬೇಕು. ಗಂಡನ ಮನೆಯ ಅಡ್ಡಹೆಸರಿನ ಸಮೇತ ನನ್ನ ಹೆಸರು ಬರೆದರೆ ಅದು ಸಹಿಯಂತೆ ಕಾಣುತ್ತಿರಲಿಲ್ಲ, ಎರಡನೇ ಕ್ಲಾಸಿನ ಕಾಪಿ ಬರಹದಂತೆ ಕಾಣುತ್ತಿತ್ತು. ನಮ್ಮ ಹಿರಿಯರು ಕುವೆಂಪು, ಡಿವಿಜಿ, ಪುತಿನ, ಅನಕೃ, ತರಾಸು ಎಂದೆಲ್ಲ ಯಾಕೆ ಮೊಟಕು ಮಾಡಿಕೊಂಡರು ಎನ್ನುವುದು ನನಗೆ ಹೊಳೆದದ್ದು ಆಗಲೇ. ವಿಮರ್ಶಕರು ಏನು ಕಾರಣ ಕೊಡುತ್ತಾರೋ ಗೊತ್ತಿಲ್ಲ, ನನ್ನ ಪ್ರಕಾರ ಅದು ಮಣಿಕಟ್ಟು ಉಳಿಸಿಕೊಳ್ಳುವ ಉಪಾಯ. ರಾಯಸಂ ಭೀಮಸೇನರಾಯರು ಬೀಚಿ ಆಗಿ ಎರಡೇ ಅಕ್ಷರಕ್ಕೆ ಮುಗಿಸಿದರು. ಅದರಲ್ಲೂ ಎರಡನೆಯದನ್ನು ಇಂಗ್ಲಿಷಿನಲ್ಲಿ ಬರೆದರು. ಬೇಂದ್ರೆಯವರೊಬ್ಬರು ಮಾತ್ರ ಇದ್ದ ಹೆಸರು ಸಾಲದೆಂದು ಅಂಬಿಕಾತನಯದತ್ತ ಎಂದಿಟ್ಟುಕೊಂಡರು. ಇದನ್ನು ಹೇಳಿದಾಗ ಅತ್ತೆಯವರು, "ನಮ್ಮ ಕಡೀ ಮಂದಿ ಕೈ ಗಟ್ಟಿ ಇರತಾವ" ಎಂದು ಚರ್ಚೆಗೆ ತೆರೆ ಎಳೆದರು.

ಪೆನ್ನಿನ ವಿಷಯದಲ್ಲಿ ಯಾರ ಮಾತನ್ನೂ ಕೇಳಬೇಡಿ, ಕಾಗದದ ಮಾತು ಕೇಳಿ. ಕನ್ನಡ ಪುಸ್ತಕಗಳು ಸಾಮಾನ್ಯವಾಗಿ ಅಚ್ಚಾಗುವುದು ಮ್ಯಾಪ್‌ಲಿಥೋ ಕಾಗದದ ಮೇಲೆ, ಸಹಿ ಹಾಕುವುದು ಶೀರ್ಷಿಕೆಯ ಪುಟದ ಮೇಲೆ. ಅದರ ಮೇಲೆ ಜೆಲ್ ಪೆನ್ನಿನಲ್ಲಿ ಬರೆದು ಪಟ್ಟನೆ ಪುಸ್ತಕ ಮುಚ್ಚಿದಿರೋ, ನಿಮ್ಮ ಹೆಸರು ಎದುರು ಪುಟಕ್ಕೂ ಹೋಗಿ ಕೂತಿರುತ್ತದೆ, ಕನ್ನಡಿಯಲ್ಲಿ ಹಿಡಿದು ಓದಬೇಕು. ಶಾಯಿ ಪೆನ್ನು ನೋಡಲು ಘನಸ್ತಿಕೆ, ಆದರೆ ಮೇ ತಿಂಗಳಲ್ಲಿ ಜೇಬಿನಲ್ಲಿಟ್ಟರೆ ಕಕ್ಕುತ್ತದೆ. ಸಾಧಾರಣ ಬಾಲ್ ಪೆನ್ನೇ ವಾಸಿ, ಒತ್ತಿ ಬರೆಯದಿದ್ದರೆ ಆಯಿತು. ಮತ್ತು ಒಂದಲ್ಲ, ಅರ್ಧ ಡಜನ್ ಒಯ್ಯಿರಿ. ಯಾಕೆಂದರೆ ಸಹಿ ಹಾಕಿಸಿಕೊಳ್ಳಲು ಬರುವ ಎಲ್ಲರಿಗೂ ಅದೇ ಹೊತ್ತಿಗೆ ಯಾರದೋ ಫೋನ್ ನಂಬರ್ ಬರೆದುಕೊಳ್ಳುವುದಿರುತ್ತದೆ. ನಮ್ಮ ಯಜಮಾನರು ಇದಕ್ಕೆ ವೃತ್ತಿಪರ ಪರಿಹಾರ ಕಂಡುಕೊಂಡರು. ಟ್ವೈನ್ ದಾರದಲ್ಲಿ ಪೆನ್ನನ್ನು ಟೇಬಲ್ಲಿನ ಕಾಲಿಗೆ ಕಟ್ಟಿಬಿಟ್ಟರು. ದಾರ ಗಿಡ್ಡ. ಹೀಗಾಗಿ ನನ್ನ ಮೊದಲ ಓದುಗರಿಗೆಲ್ಲ ಸಹಿ ಸಿಕ್ಕಿದ್ದು ಪುಟದ ಎಡಮೂಲೆಯಲ್ಲಿ, ನಾನು ಅರ್ಧ ಬಗ್ಗಿ ಬರೆದದ್ದು. ಫೋಟೋಗಳಲ್ಲಿ ನಾನು ಓದುಗರ ಕಾಲಿಗೆ ಬೀಳುತ್ತಿರುವಂತಿದೆ.

ಬೆಂಗಳೂರಿನಲ್ಲಿ ಕನ್ನಡ ಪುಸ್ತಕ ಬಿಡುಗಡೆಯಾಗುವುದೇ ಭಾನುವಾರ ಬೆಳಿಗ್ಗೆ. ಆಹ್ವಾನ ಪತ್ರಿಕೆಯಲ್ಲಿ ಲೇಖಕರ ಹೆಸರು ಸಣ್ಣಕ್ಷರದಲ್ಲಿದ್ದರೂ ಚಿಂತೆಯಿಲ್ಲ, 'ಬೆಳಿಗ್ಗೆ 10ಕ್ಕೆ ಲಘು ಉಪಾಹಾರ' ಎನ್ನುವುದು ದಪ್ಪಕ್ಷರದಲ್ಲಿರಬೇಕು. ನಮ್ಮದು ಬಸವನಗುಡಿಯಲ್ಲಿ, ಗಾಂಧಿ ಬಜಾರಿಗೆ ನಡೆದು ಹೋಗುವಷ್ಟು ದೂರದಲ್ಲಿ. ಅಲ್ಲಿ ಟೇಬಲ್ ಹಾಕುವವರು ಒಂದನ್ನು ತಿಳಿದಿರಬೇಕು. 1943ರಿಂದ ಆ ಬೀದಿಯಲ್ಲಿ ಜನ ಸಾಲುಗಟ್ಟಿ ನಿಲ್ಲುತ್ತಿರುವುದು ವಿದ್ಯಾರ್ಥಿ ಭವನದ ದೋಸೆಗೆ. ಮಾಸ್ತಿ, ಡಿವಿಜಿ ಓಡಾಡಿದ ಬಸವನಗುಡಿ ಎಂದು ನೀವು ರೋಮಾಂಚನಗೊಂಡು ಕೂತಿರುತ್ತೀರಿ, ಫುಟ್‌ಪಾತಿನಲ್ಲಿ ಹೋಗುವವರೊಬ್ಬರು ಬಾಗಿಲಲ್ಲಿ ಇಣುಕಿ, "ಇಲ್ಲಿ ಕ್ಯೂ ಕಡಿಮೆ ಇದೆ, ಏನು ಸಿಗುತ್ತೆ?" ಎಂದು ಕೇಳುತ್ತಾರೆ. ಪುಸ್ತಕ ಎಂದರೆ ಸಭ್ಯವಾಗಿ ನಕ್ಕು ಮುಂದೆ ಹೋಗುತ್ತಾರೆ.

ಟೇಬಲ್ ಎಲ್ಲಿ ಹಾಕಿಸಬೇಕು ಎನ್ನುವುದು ಬಹಳ ದೊಡ್ಡ ವಿಷಯ. ಯಾರೂ ಹೇಳಿಕೊಡುವುದಿಲ್ಲ. ತಿಂಡಿಗೆ ಮುಂಚೆ ಜನ ಪುಸ್ತಕ ನೋಡುವುದಿಲ್ಲ, ಭಾಷಣ ಮುಗಿದ ಮೇಲೆ ಚಪ್ಪಲಿ ಬಿಟ್ಟು ಬೇರೇನೂ ನೋಡುವುದಿಲ್ಲ. ತಿಂಡಿಯ ಪಕ್ಕ ಇಟ್ಟರೆ ಕೇಸರಿಬಾತಿನ ತುಪ್ಪ ರಕ್ಷಾಪುಟಕ್ಕೆ ಅಂಟಿ, ಐದೂ ಬೆರಳಿನ ಗುರುತು ಮೂಡಿದ ಪ್ರತಿಯನ್ನು ಮುಂದಿನವರು ಬೇಡ ಎನ್ನುತ್ತಾರೆ. ಕೈ ತೊಳೆಯುವ ನಲ್ಲಿಗೂ ಕಾಫಿಗೂ ನಡುವೆ ಒಂದು ದಾರಿ ಇರುತ್ತದಲ್ಲ, ಅಲ್ಲಿ ಹಾಕಿಸಿ. ಕೈ ಸ್ವಚ್ಛ, ಹೊಟ್ಟೆ ತುಂಬಿದೆ, ಕಾಫಿ ಇನ್ನೂ ಸಿಕ್ಕಿಲ್ಲ. ಮನುಷ್ಯ ಸಾಹಿತ್ಯಕ್ಕೆ ಮನಸ್ಸು ಕೊಡುವ ಗಳಿಗೆ ಅದೊಂದೇ.

ಆದರೆ ಆ ಜಾಗದಲ್ಲಿ ಇನ್ನೊಂದು ಗಂಡಾಂತರವಿದೆ. ಕಾಫಿಯವನೂ ಒಂದು ಕ್ಯೂಆರ್ ಕೋಡ್ ಅಂಟಿಸಿದ್ದ. ತಿಂಡಿ ಪ್ರಕಾಶಕರದು, ಮೊದಲ ಕಾಫಿಯೂ ಅವರದೇ, ಎರಡನೆಯದಕ್ಕೆ ಇಪ್ಪತ್ತು ರೂಪಾಯಿ. ನಮ್ಮ ಪುಸ್ತಕದ ಕೋಡ್ ಅದರ ಪಕ್ಕದಲ್ಲೇ ಇತ್ತು. ನಾನು ಮೈಮರೆತು ಸಹಿ ಹಾಕುತ್ತಿದ್ದೆ. ಆ ಕಡೆಯಿಂದ ಡಬ್ಬಿಯೊಳಗಿನ ಹೆಣ್ಣು ದನಿ ಮತ್ತೆ ಮತ್ತೆ, "ನೂರಾ ಎಂಬತ್ತು ರೂಪಾಯಿ ಸ್ವೀಕರಿಸಲಾಗಿದೆ" ಎನ್ನುತ್ತಿತ್ತು. ನೂರಾ ಎಂಬತ್ತು ರೂಪಾಯಿಯ ಕಾಫಿ ಯಾವುದಪ್ಪಾ ಎಂದು ಮೊದಲು ಅನುಮಾನ ಬಂದದ್ದು ನನಗಲ್ಲ, ಕಾಫಿಯವನಿಗೆ. ಪುಣ್ಯಾತ್ಮ, ತಾನೇ ಬಂದು ಲೆಕ್ಕ ಒಪ್ಪಿಸಿದ. ನಮ್ಮ ಕೋಡಿಗೂ ಅಷ್ಟು ಹೊತ್ತಿನಲ್ಲಿ ಮೂರು ಇಪ್ಪತ್ತು ರೂಪಾಯಿ ಬಂದಿತ್ತು, ಅದನ್ನು ಯಜಮಾನರು ವಜಾ ಮಾಡಿಕೊಂಡು ಬಾಕಿ ಪಡೆದರು. ನೂರಾ ಎಂಬತ್ತು ಎಂದು ಬೆಲೆ ಇಡುವುದೇ ತಲೆನೋವು ಎನ್ನುವುದೂ ಅಲ್ಲೇ ತಿಳಿಯಿತು. ನಗದು ಕೊಡುವವರೆಲ್ಲ ಇನ್ನೂರರ ನೋಟು ಕೊಡುತ್ತಾರೆ, ಇಪ್ಪತ್ತು ವಾಪಸ್ ಕೊಡಲು ಚಿಲ್ಲರೆ ಇರುವುದಿಲ್ಲ, "ಇರಲಿ ಬಿಡಿ" ಎಂದು ಅವರೂ ಅನ್ನುವುದಿಲ್ಲ.

ಈಗ ಹೆಸರಿನ ವಿಷಯ. ಎದುರಿಗೆ ನಿಂತವರ ಮುಖ ಬಹಳ ಚೆನ್ನಾಗಿ ಗೊತ್ತಿರುತ್ತದೆ. ಅವರ ಮಗಳ ಮದುವೆಯ ಹೋಳಿಗೆ ಗೊತ್ತಿರುತ್ತದೆ, ಅವರ ಸಕ್ಕರೆ ಕಾಯಿಲೆ ಗೊತ್ತಿರುತ್ತದೆ, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. "ಯಾರ ಹೆಸರಿಗೆ ಬರೀಲಿ?" ಎಂದು ಜಾಣತನದಿಂದ ಕೇಳಿದರೆ, "ನನ್ನ ಹೆಸರಿಗೇ ಬರಿ, ಇನ್ಯಾರಿಗೆ?" ಎನ್ನುತ್ತಾರೆ. ಇಂಗ್ಲಿಷ್ ಲೇಖಕರು ಸ್ಪೆಲ್ಲಿಂಗ್ ಕೇಳಿ ಪಾರಾಗುತ್ತಾರಂತೆ. ನಮಗೆ ಆ ಸೌಕರ್ಯವಿಲ್ಲ. ಅಂದ ಹಾಗೇ ಬರೆಯುವ ಭಾಷೆಯಲ್ಲಿ ಕಾಗುಣಿತ ಕೇಳಿದರೆ ಲೇಖಕಿಯ ಯೋಗ್ಯತೆಯೇ ಬಯಲಾಗುತ್ತದೆ. ನಾನು ಒಬ್ಬರನ್ನು ಕೇಳಿಯೂ ಬಿಟ್ಟೆ. "ಸ-ರ-ಳ" ಎಂದು ಬಿಡಿಬಿಡಿಯಾಗಿ ಹೇಳಿ ಕನಿಕರದಿಂದ ನೋಡಿದರು. ಹಾಗೆಂದು ಈಗಿನ ಮಕ್ಕಳ ಹೆಸರನ್ನು ಕೇಳದೆ ಬರೆಯುವ ಧೈರ್ಯವನ್ನೂ ಮಾಡಬೇಡಿ. ಧೃತಿಯೋ ದ್ಯುತಿಯೋ, ಆದ್ಯಳೋ ಆದ್ಯಾಳೋ, ಒಂದು ಮಹಾಪ್ರಾಣ ತಪ್ಪಿದರೂ ಒಂದು ಪ್ರತಿ ದಂಡ. ತಾಯಂದಿರು ತಿದ್ದಿದ ಪುಸ್ತಕ ಒಯ್ಯುವುದಿಲ್ಲ. ಇದಕ್ಕೆ ಮಗಳು ಮಾಡಿದ ಉಪಾಯ ನಿಜವಾಗಿಯೂ ಕೆಲಸಕ್ಕೆ ಬಂತು. ಹಳದಿ ಅಂಟುಚೀಟಿಯ ಕಟ್ಟು ಹಿಡಿದು ಸಾಲಿನಲ್ಲೇ ನಿಂತು, ಪ್ರತಿಯೊಬ್ಬರಿಂದಲೂ ಹೆಸರು ಬರೆಸಿ, ಸಹಿಯ ಪುಟಕ್ಕೆ ಅಂಟಿಸಿ ಕಳಿಸಿದಳು. ಚೀಟಿ ನೋಡಿ, "ಓಹೋ, ಸರಳಕ್ಕಾ!" ಎಂದು ನಾನು ಹುಟ್ಟಿದಾಗಿನಿಂದ ಕಂಡವಳ ಹಾಗೆ ಕೂಗುವುದಷ್ಟೇ ಬಾಕಿ.

ಹೆಸರಿನ ಮುಂದೆ ಏನು ಬರೆಯಬೇಕೆನ್ನುವುದನ್ನೂ ಮನೆಯಿಂದಲೇ ನಿರ್ಧರಿಸಿಕೊಂಡು ಹೋಗಿ. 'ಪ್ರೀತಿಯಿಂದ' ಎಂದು ಎಲ್ಲರಿಗೂ ಬರೆಯುತ್ತಾ ಹೋದೆ. ಯಜಮಾನರ ಬ್ಯಾಂಕಿನ ಹಿರಿಯ ಅಧಿಕಾರಿಗಳಿಗೂ ಬರೆದೆ. ಅವರ ಪತ್ನಿ ಪುಟ ತೆರೆದು ಓದಿ, ಮುಚ್ಚಿ, ಮತ್ತೆ ತೆರೆದು ಓದಿದರು. ಅಂದಿನಿಂದ ಗಂಡಸರಿಗೆಲ್ಲ 'ಆದರಗಳೊಂದಿಗೆ'. ಗಂಡನ ಪ್ರತಿಗೆ ಏನು ಬರೆಯುವುದೆನ್ನುವುದು ಇನ್ನೂ ಕಷ್ಟ. ಹೆಸರು ಬರೆಯೋಣವೆಂದರೆ ಅತ್ತೆಯವರು ಪಕ್ಕದಲ್ಲೇ ಕೂತಿದ್ದಾರೆ, ಗಂಡನ ಹೆಸರು ಹಿಡಿದು ಕರೆಯುವವಳು ಇನ್ನು ಬರೆಯುವುದೂ ಶುರುಮಾಡಿದಳು ಎನ್ನುತ್ತಾರೆ. 'ನಮ್ಮನೆಯವರಿಗೆ' ಎಂದು ಬರೆದು ಸಹಿ ಹಾಕಿದೆ. ಅವರು ಅದನ್ನು ಕಚೇರಿಗೆ ಒಯ್ದು ಹೇಳಿಕೊಂಡರಂತೆ, ಪೂರ್ತಿ ಸಂಸಾರಕ್ಕೆ ಒಂದೇ ಪ್ರತಿಯಲ್ಲಿ ಮುಗಿಸಿದ್ದಾಳೆ ಅಂತ.

ಅತ್ತೆಯವರನ್ನು ನಾನು ಪಕ್ಕದಲ್ಲಿ ಕೂರಿಸಿಕೊಂಡದ್ದಲ್ಲ, ಸಭಾಂಗಣದಲ್ಲಿ ಕೈಯಿರುವ ಕುರ್ಚಿ ಇದ್ದದ್ದೇ ಅಲ್ಲಿ. ಬೆಳಿಗ್ಗೆ ಆಟೋದಿಂದ ಪುಸ್ತಕದ ಕಟ್ಟು ಇಳಿಸುವಾಗ ನಾನು ಸೊಂಟ ಹಿಡಿದುಕೊಂಡಿದ್ದನ್ನು ಅವರು ನೋಡಿದ್ದರು. "ನಮ್ಮ ಗಳಗನಾಥರು ತಮ್ಮ ಪುಸ್ತಕದ ಗಂಟ ತಾವ ಹೊತ್ತು ಊರೂರು ತಿರುಗಿ ಮಾರ್ಯಾರ. ನಿನಗ ಆಟೋದಾಗ ಕುಂತ ಬಂದ್ರ ಬೆನ್ನ ನೋಯ್ತೈತಿ?" ಎಂದಿದ್ದರು. 1869ರಲ್ಲಿ ಹುಟ್ಟಿದ, ಕನ್ನಡ ಕಾದಂಬರಿಯ ಪಿತಾಮಹರೆನಿಸಿಕೊಂಡ ಆ ಮಹಾನುಭಾವರನ್ನು ನನ್ನ ಸೊಂಟನೋವಿಗೆ ಎದುರಾಗಿ ನಿಲ್ಲಿಸಿದರೆ ನಾನು ಏನು ಹೇಳಲಿ? ಹಾವೇರಿ ಜಿಲ್ಲೆಯವರಿಗೆ ಅವರು ಮನೆಯ ಹಿರಿಯರಿದ್ದಂತೆ, ಎದುರಾಡುವ ಹಾಗಿಲ್ಲ.

ನಂಟರೆಲ್ಲ ಬಂದದ್ದು ಆಮೇಲೆ. ಹೊಸ ಲೇಖಕರೇ, ಇಲ್ಲಿ ಸ್ವಲ್ಪ ಗಮನ ಕೊಡಿ. ನಿಮ್ಮ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವವರು ಅಪರಿಚಿತರು. ಪರಿಚಿತರಿಗೆ ಅದು ಗೌರವ ಪ್ರತಿಯ ರೂಪದಲ್ಲೇ ಕಾಣುತ್ತದೆ. "ನಮಗೂ ಒಂದು ಕೊಡಲ್ವೇನಮ್ಮಾ?" ಎನ್ನುವ ಪ್ರಶ್ನೆಗೆ ಉತ್ತರವಿಲ್ಲ. ಪ್ರಕಾಶಕರು ಲೇಖಕರಿಗೆಂದು ಕೊಡುವ ಪ್ರತಿಗಳು ಇಪ್ಪತ್ತೈದು, ನಮ್ಮ ಅತ್ತೆಯವರ ಕಡೆಯ ದಾಯಾದಿಗಳೇ ಅದಕ್ಕಿಂತ ಹೆಚ್ಚು. ಒಂದು ಮಾತು ಕೇಳಿ. ಪ್ರಕಾಶಕರು ಪುಸ್ತಕವನ್ನು ಪುಕ್ಕಟೆ ಕಳಿಸಲೇಬೇಕೆಂದು ದೇಶದಲ್ಲೊಂದು ಕಾಯ್ದೆಯಿದೆ, 1954ರದು. ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಯ ಮೂರು ಗ್ರಂಥಾಲಯಗಳಿಗೆ ಒಂದೊಂದು. ನಮ್ಮ ಚಿಕ್ಕಮಾವನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಆದರೆ ಎದುರು ನಿಂತು ಕೈ ಚಾಚಿದವರಿಗೆ ಇದನ್ನು ಹೇಳುವ ಎದೆಗಾರಿಕೆ ನನ್ನದಲ್ಲ. ನಾನು ಹಲ್ಲು ಕಿರಿದು ಪೆನ್ನು ತೆಗೆದೆ.

"ತಡಿ" ಎಂದರು ಅತ್ತೆ.

ನಮ್ಮ ಮನೆಯಲ್ಲಿ ಒಂದು ಮುಯ್ಯಿ ಪುಸ್ತಕವಿದೆ. ಯಾರ ಮದುವೆಗೆ ನಾವು ಏನು ಕೊಟ್ಟೆವು, ನಮ್ಮ ಮನೆಯ ಕಾರ್ಯಕ್ಕೆ ಯಾರು ಏನು ತಂದರು ಎಂಬುದರ ದಾಖಲೆ. ಅತ್ತೆಯವರಿಗೆ ಅದು ಬಾಯಿಪಾಠ. "ನಿನ್ನ ಮಗನ ಲಗ್ನದಾಗ ಬೆಳ್ಳಿ ಕುಂಕುಮ ಭರಣಿ ಕೊಟ್ಟೇನಿ, ನೆನಪೈತಿಲ್ಲೋ? ನೀ ನನ್ನ ಮೊಮ್ಮಗಳ ಹೆಸರಿಡೋದಕ್ಕ ಏನ ತಂದಿದ್ದಿ? ಪ್ಲಾಸ್ಟಿಕ್ ಟಬ್ಬು. ನೂರಾ ಎಂಬತ್ತ ರೂಪಾಯಿ ಕೊಟ್ಟ ಪುಸ್ತಕ ತಗೋ" ಎಂದರು. ಚಿಕ್ಕಮಾವ ತೆಗೆದುಕೊಂಡರು. ಅವರ ಹಿಂದೆ ನಿಂತಿದ್ದ ಮೂವರು ಹೇಳಿಸಿಕೊಳ್ಳದೆ ಪರ್ಸು ತೆಗೆದರು. ಇನ್ನೊಬ್ಬರು ಎರಡು ಪ್ರತಿ ಕೊಂಡರು. ಅವರ ಬಾಕಿ ಎಷ್ಟಿತ್ತೋ. ಪರಿಚಯವಿಲ್ಲದವರನ್ನೂ ಅತ್ತೆಯವರು ಬಿಡಲಿಲ್ಲ. "ತಗೋರಿ, ನನ್ನ ಬಗ್ಗೆನ ಬರದಾಳ. ಎಲ್ಲಾ ಸುಳ್ಳ, ಆದ್ರ ಛಂದ ಬರದಾಳ." ನನ್ನ ಪುಸ್ತಕಕ್ಕೆ ಬಂದ ಮೊದಲ ವಿಮರ್ಶೆ ಅದು. ಬೆನ್ನುಡಿ ಬರೆದುಕೊಟ್ಟ ಹಿರಿಯರು ಒಂದು ಪುಟದಲ್ಲಿ ಅಷ್ಟನ್ನು ಹೇಳಿರಲಿಲ್ಲ.

ಆಗ ಕಾಲೇಜಿನ ಹುಡುಗಿಯೊಬ್ಬಳು, "ನೀವೇನಾ ಆ ಅತ್ತೆ? ಅಜ್ಜಿ, ನೀವೂ ಒಂದು ಸಹಿ ಹಾಕಿ" ಎಂದಳು. ಅತ್ತೆಯವರು ಬೇಡ ಬೇಡ ಎನ್ನುತ್ತಲೇ ಕನ್ನಡಕ ಒರೆಸಿಕೊಂಡರು. ಅವರಿಗೆ ಸಹಿ ಎಂದರೆ ಹುಡುಗಾಟವಲ್ಲ. ಮಾವನವರ ಪಿಂಚಣಿಗೆಂದು ಪ್ರತಿ ನವೆಂಬರಿನಲ್ಲಿ ಜೀವಂತ ಇರುವ ಪ್ರಮಾಣಪತ್ರಕ್ಕೆ ಹಾಕುವ ಸಹಿ ಅದು, ಒಂದು ಕೊಂಬು ಆಚೀಚೆಯಾದರೆ ಬ್ಯಾಂಕಿನ ಲೆಕ್ಕದಲ್ಲಿ ಬದುಕಿಲ್ಲ. ಪೆನ್ನಿನ ಮೊನೆಯನ್ನು ಸೆರಗಿನ ತುದಿಯಿಂದ ಒರೆಸಿದರು. ಪುಟದ ನೆತ್ತಿಯಲ್ಲಿ ಸಣ್ಣದಾಗಿ 'ಶ್ರೀ' ಎಂದು ಬರೆದರು. ಆಮೇಲೆ ಒಂದೊಂದೇ ಅಕ್ಷರ. ಬರೆಯುವಾಗ ತುಟಿಯೂ ಅದೇ ಅಕ್ಷರವನ್ನು ಹೇಳುತ್ತಿತ್ತು. ದೀರ್ಘ ಎಳೆಯುವಾಗ ಉಸಿರು ಹಿಡಿದರು. ಯಜಮಾನರು ಹಿಂದೆ ನಿಂತು ಬಗ್ಗಿ ನೋಡಿ, "ಅವ್ವ, ಎರಡನೇ ಅಕ್ಷರದ ಕೊಂಬು ಬಿಟ್ಟಿ" ಎಂದರು. ಅತ್ತೆಯವರು ತಲೆಯೆತ್ತದೆ, "ಇದು ನಿನ್ನ ಬ್ಯಾಂಕಿಂದಲ್ಲ" ಎಂದರು. ಆದರೂ ಕೊಂಬು ಹಾಕಿದರು.

ನನ್ನ ಸಹಿ ಮಾತ್ರ ಇರುವ ಪ್ರತಿ ಒಯ್ದಿದ್ದವರು ವಾಪಸ್ ಬಂದರು. ಸಾಲು ಉದ್ದವಾಗಿದ್ದು ಆಗಲೇ, ದೋಸೆಯ ಸಾಲಿಗೆ ಹೋಲಿಸುವಂತಿಲ್ಲವಾದರೂ ಕಾಫಿಯ ಸಾಲನ್ನು ದಾಟಿತ್ತು. ಕೆಲವರು ಸಹಿಯ ಜೊತೆ ಕಾಲಿಗೂ ಬಿದ್ದರು. ಹಾವೇರಿಯಿಂದ ಬಂದ ಸೋದರಸೊಸೆಯೊಬ್ಬಳು ಅಲ್ಲಿಯ ಏಲಕ್ಕಿ ಮಾಲೆ ತಂದಿದ್ದಳು. ನನಗೆಂದೇ ತಂದದ್ದು. ಸಾಲಿನಲ್ಲಿ ಮೊದಲು ಸಿಕ್ಕ ಕುತ್ತಿಗೆ ಅತ್ತೆಯವರದು. ಬಂದ ಶಾಲುಗಳೂ ಹಣ್ಣಿನ ಬುಟ್ಟಿಯೂ ಇನ್ನೊಬ್ಬರ ಸನ್ಮಾನಕ್ಕೆ ಸಾಗಿ ಹೋದವು, ಮಾಲೆಯನ್ನು ಮಾತ್ರ ಬಿಡಿಸಿ ಡಬ್ಬಿಗೆ ತುಂಬಿಟ್ಟುಕೊಂಡಿದ್ದೇವೆ. ಆಮೇಲಿನ ಪಾಯಸವೆಲ್ಲ ಅದರದ್ದೇ.

ಮರುವಾರ ಪ್ರಕಾಶಕರ ಫೋನ್ ಬಂತು. ಇನ್ನೊಂದು ಊರಿನಲ್ಲಿ ಪುಸ್ತಕ ಪ್ರದರ್ಶನವಂತೆ, ಮಳಿಗೆಯಲ್ಲಿ ಒಂದು ದಿನ ಸಹಿ ಇಟ್ಟುಕೊಳ್ಳೋಣ ಎಂದರು. ನಾನು ಬಿಗುಮಾನದಿಂದ ಡೈರಿ ತೆರೆದು, ಬಿಡುವು ನೋಡಿ ಹೇಳುತ್ತೇನೆ ಎಂದೆ. "ನಿಮ್ಮದಲ್ಲ ಮೇಡಂ, ಅಮ್ಮನೋರಿಗೆ ಬಿಡುವಿದೆಯಾ ಕೇಳಿ" ಎಂದರು. ಫೋನನ್ನು ಅತ್ತೆಯವರ ಕೈಗೆ ಕೊಟ್ಟೆ. ಅವರು ಕೈಯಿರುವ ಕುರ್ಚಿ, ಸಕ್ಕರೆಯಿಲ್ಲದ ಚಹಾ, ಸಂಜೆ ಆರರೊಳಗೆ ಮನೆಗೆ ವಾಪಸ್ ಎಂದು ಒಂದೊಂದಾಗಿ ಷರತ್ತು ಹೇಳಿದರು. ಆ ಕಡೆಯಿಂದ ಎಲ್ಲಕ್ಕೂ ಒಪ್ಪಿಗೆ ಬಂದಿರಬೇಕು, ಕೊನೆಗೆ ನನ್ನ ಕಡೆ ಒಮ್ಮೆ ನೋಡಿ ಅಂದರು: "ಇವಳನ್ನೂ ಕರಕೊಂಡ ಬರ್ತೀನಿ. ಪೆನ್ನಿನ ಟೊಪ್ಪಿಗಿ ತಗದ ಕೊಡಾಕ ಒಬ್ಬರು ಬೇಕಲ್ಲರೀ."